ಹಾಜರಿ ಕೂಗುವ ರಮಿತಾ

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗಿನ ಜಾವ. ಡೊಂಬಿವಲಿ ಸ್ಟೇಷನ್ನಿನ ದೀಪಗಳು ಇನ್ನೂ ಆರಿಲ್ಲ. ಇಲ್ಲಿಂದಲೇ ಹೊರಡುವ ಲೋಕಲ್ ಬಂದು ನಿಲ್ಲುವ ಮೊದಲೇ ಹೆಂಗಸರ ಡಬ್ಬಿಯ ಬಾಗಿಲಿಗೆ ಕೈಗಳು ಬಿದ್ದಿವೆ. ಲ್ಯಾಪ್‌ಟಾಪ್ ಚೀಲವನ್ನು ಎದೆಗೆ ಅವಚಿಕೊಂಡು ರಮಿತಾ ಹತ್ತುತ್ತಾರೆ. ವರ್ಷಗಳಿಂದ ಅವರದ್ದು ನಾಲ್ಕನೆಯ ಸೀಟು. ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ಗಾಳಿಯಲ್ಲಿ ತೂಗುವ ಜಾಗ. ಇವತ್ತು ಬೆಂಚಿನ ಮೂವರೂ ಎದ್ದು ದಾರಿ ಬಿಡುತ್ತಾರೆ. "ಆತ್ ಜಾ ಗ, ಖಿಡಕೀಪಾಶೀ ಬಸ್," ಎನ್ನುತ್ತಾರೆ ಅವರಲ್ಲಿ ಹಿರಿಯರು. ಒಳಗೆ ಹೋಗು, ಕಿಟಕಿಯ ಹತ್ತಿರ ಕೂರು ಎಂದು.

ಈ ಗುಂಪಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡುವುದು ಎರಡೇ ಸಂದರ್ಭಗಳಲ್ಲಿ. ಹೊಟ್ಟೆಯಲ್ಲಿ ಮಗುವಿದ್ದಾಗ, ಇಲ್ಲವೆ ಮನೆಯಲ್ಲಿ ಸಾವಾದಾಗ. ರಮಿತಾ ಕೂರುತ್ತಾರೆ.

ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಪನ್ವೇಲ್ ಕಡೆಯ ಗಾಡಿ ಹಿಡಿದರೆ ರಬಾಳೆ. ಅಲ್ಲಿನ ಕೈಗಾರಿಕಾ ಪಟ್ಟಿಯಲ್ಲಿ ಪೈಪು, ವಾಲ್ವು ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಮೂವತ್ತೆರಡರ ರಮಿತಾ ಹಂಗಾಮಿ ಕಂಪನಿ ಸೆಕ್ರೆಟರಿ. ಗೇಟಿನ ಕಾವಲುಗಾರ ಸಿದ್ರಾಮ ವಿಜಯಪುರದ ಕಡೆಯವನು. ಆ ದಿನ ಇವರನ್ನು ಕಂಡು ಕುರ್ಚಿಯಿಂದ ಎದ್ದ.

"ಬಂದ್ರ್ಯಾ ಅಕ್ಕಾರ? ಇನ್ನೊಂದೆಂಟ ದಿನ ಮನ್ಯಾಗ ಇರಬೇಕಿತ್ತಲ್ರೀ."

"ಇವತ್ತು ಬೋರ್ಡ್ ಮೀಟಿಂಗ್, ಸಿದ್ರಾಮ."

"ಯಾಕ್ರೀ, ನೀವಿಲ್ಲದಿದ್ರ ಅವರಿಗೆ ಚಾ ಇಳ್ಯಾಂಗಿಲ್ಲೇನು?"

ಚಾ ಇಳಿಯುತ್ತದೆ, ಮೀಟಿಂಗ್ ನಡೆಯುವುದಿಲ್ಲ. ಕಂಪನಿ ಸೆಕ್ರೆಟರಿ ಎಂದರೆ ಸಾಹೇಬರ ಫೋನ್ ಎತ್ತುವವಳು ಎಂದುಕೊಂಡವರೇ ಹೆಚ್ಚು. ಮೊದಮೊದಲು ಅತ್ತೆ ನಳಿನಾಕ್ಷಿಯವರೂ ಹಾಗೇ ಅಂದುಕೊಂಡಿದ್ದರಂತೆ. "ಅವರಿಗೆ ನೇಮದ ಲೆಕ್ಕದಲ್ಲಿ ಹೇಳಿದೆ," ಎನ್ನುತ್ತಾರೆ ರಮಿತಾ. "ಊರಲ್ಲಿ ದೈವದ ನೇಮ ಇದ್ದರೆ ಬರಬೇಕಾದ ಮನೆಯವರು ಬಂದ ಮೇಲೆಯೇ ಶುರು ಮಾಡುವುದಲ್ಲವಾ? ಯಾರು ಬಂದರು, ಯಾರು ಬರಲಿಲ್ಲ ಅಂತ ನೋಡಿ, 'ಇನ್ನು ಆಗಬಹುದು' ಅನ್ನುವವನು ಒಬ್ಬ ಇರುತ್ತಾನಲ್ಲ, ಅದು ನಾನು. ಅತ್ತೆ ಆಗ, 'ಅಂಚಾಂಡ ಮಲ್ಲ ಬೇಲೆ' ಅಂದರು." ಹಾಗಾದರೆ ದೊಡ್ಡ ಕೆಲಸವೇ ಎಂದು. ಪರೀಕ್ಷೆ ಪಾಸಾದಾಗಲೂ ರಮಿತಾರಿಗೆ ಅಷ್ಟು ಖುಷಿಯಾಗಿರಲಿಲ್ಲವಂತೆ.

ಆ ಪರೀಕ್ಷೆಯೂ ಸುಲಭಕ್ಕೆ ಒಲಿದದ್ದಲ್ಲ. ತಂದೆಗೆ ಕಲ್ಯಾಣದ ಒಂದು ಆಫೀಸಿನಲ್ಲಿ ಕ್ಯಾಂಟೀನ್ ಇತ್ತು. ಎಂ.ಕಾಂ. ಓದಿದ್ದು ಅದರ ಹಿಂಭಾಗದ ಕೋಣೆಯಲ್ಲಿ, ಈರುಳ್ಳಿ ಮೂಟೆಗಳ ನಡುವೆ. ಸೆಕ್ರೆಟರಿ ಪರೀಕ್ಷೆಯ ಕೊನೆಯ ಭಾಗ ಎರಡು ಸಲ ಕೈಕೊಟ್ಟಿತು. ಮೂರನೆಯ ಸಲ ಓದಿಸಿದ್ದು ಗಂಡ ಮನೀಶ್. ಥಾಣೆಯ ಒಂದು ಹೋಟೆಲಿನಲ್ಲಿ ವೇಟರುಗಳ ಮೇಲಿನ ಕ್ಯಾಪ್ಟನ್ ಆಗಿದ್ದ ಅವರು ದಿನವಿಡೀ ನಿಂತು ಬಂದವರು, ಕಾಲನ್ನು ಬಿಸಿನೀರಿನ ಬಕೆಟ್ಟಿಗಿಟ್ಟು ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಕಂಪನಿ ಕಾಯ್ದೆಯಲ್ಲಿ ಅವರಿಗೆ ಇಷ್ಟವಾದದ್ದು ಒಂದೇ ವಿಷಯ, ವಿಡಿಯೋ ಮೀಟಿಂಗಿನ ಹಾಜರಿ. ದೂರದಿಂದ ಸೇರುವ ಪ್ರತಿ ನಿರ್ದೇಶಕರೂ ಮೊದಲು ಹೆಸರು ಹೇಳಬೇಕು, ಎಲ್ಲಿದ್ದೇನೆ ಎಂದು ಹೇಳಬೇಕು, ಜೊತೆಗೆ ಬೇರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಹೇಳಬೇಕು. ಈ ಹಾಜರಿ ಕೂಗುವುದು ರಮಿತಾರ ಕೆಲಸ.

ಅಲ್ಲಿಂದ ಅದು ಮನೆಯ ಆಟವಾಯಿತು. ಕೆಲಸ ಮುಗಿಸಿ ಹೊರಟ ಮನೀಶ್ ದಿನವೂ ಥಾಣೆ ಸ್ಟೇಷನ್ನಿನ ಸೇತುವೆಯಿಂದ ಫೋನ್ ಮಾಡುತ್ತಿದ್ದರು.

"ಹೆಸರು?"

"ಮನೀಶ್, ಮೇಡಂ."

"ಎಲ್ಲಿದ್ದೀರಿ?"

"ಥಾಣೆ, ಸೇತುವೆಯ ಮೇಲೆ."

"ಜೊತೆಗೆ ಯಾರಾದರೂ?"

"ಅರ್ಧ ಕಲ್ಯಾಣವೇ ಇದೆ ಮಾರಾಯ್ತಿ. ಎಲ್ಲರಿಗೂ ಹಸಿವೆ."

ಅದೇ ಸೇತುವೆಯ ಮೇಲೆ ಒಂದು ಸಂಜೆ ಅವರು ಎದೆ ಹಿಡಿದುಕೊಂಡು ಕುಸಿದರು. ಫೋನ್ ಬರಲಿಲ್ಲವೆಂದು ರಮಿತಾ ತಾವೇ ಮಾಡಿದಾಗ ಎತ್ತಿದ್ದು ರೈಲ್ವೆ ಪೊಲೀಸ್. "ನಿಮ್ಮ ಹೆಸರು? ಎಲ್ಲಿದ್ದೀರಿ? ಜೊತೆಗೆ ಯಾರಾದರೂ ಇದ್ದಾರಾ?" ಎಂದು ಆತ ಕೇಳಿದ. ಇದನ್ನು ಹೇಳುವಾಗ ರಮಿತಾರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮುಂದಿನ ಮಾತಿಗೆ ಹೋಗುತ್ತಾರೆ.

ಮುಂದಿನ ಮಾತು ಒಂದು ಕೋಟಿನದ್ದು. ನವಿ ಮುಂಬಯಿಯ ಉದ್ಯಮಿಗಳ ಸಂಘವೊಂದು ಕಂಪನಿ ಆಡಳಿತವನ್ನು ನೇರದಾರಿಯಲ್ಲಿ ನಡೆಸುವ ಯುವಜನರಿಗೆಂದು ವರ್ಷಕ್ಕೊಂದು ಪುರಸ್ಕಾರ ಕೊಡುತ್ತದೆ. ಈ ಬಾರಿ ಕೊನೆಯ ಸುತ್ತಿಗೆ ಉಳಿದವರಲ್ಲಿ ರಮಿತಾ ಒಬ್ಬರು. ಇನ್ನು ಬೇಕಿದ್ದದ್ದು ಅವರ ಕಂಪನಿಯ ಎಂ.ಡಿ.ಯವರ ಶಿಫಾರಸು ಮಾತ್ರ. ಪುರಸ್ಕಾರ ಬಂದರೆ 'ಹಂಗಾಮಿ' ಎಂಬ ಮಾತನ್ನು ತೆಗೆಯುತ್ತೇನೆ ಎಂದು ಎಂ.ಡಿ. ಬಾಯಿಬಿಟ್ಟು ಹೇಳಿದ್ದರು. ಸುದ್ದಿ ಕೇಳಿದ ದಿನವೇ ಮನೀಶ್ ಕಾಮೋಠೆಗೆ ಹೋಗಿ ಗೆಳೆಯ ಲತೇಶರ ನೀಲಿ ಕೋಟನ್ನು ಎರವಲು ತಂದರು. ಲತೇಶ್ ಮೊದಲು ಅದೇ ಹೋಟೆಲಿನಲ್ಲಿದ್ದವರು, ಈಗ ಸ್ವಂತ ಕೇಟರಿಂಗ್ ಮಾಡುತ್ತಾರೆ.

"ಹೋಟೆಲಿನ ಕಪ್ಪು ಕೋಟು ಇದೆಯಲ್ಲ ಅಂದೆ ನಾನು," ಎನ್ನುತ್ತಾರೆ ರಮಿತಾ. "ಅದಕ್ಕವರು, 'ಅದನ್ನು ಹಾಕಿಕೊಂಡು ಬಂದರೆ ಸಭೆಯವರು ನನ್ನ ಹತ್ತಿರ ನೀರು ತರಲು ಹೇಳಿಯಾರು, ನಾನು ತಂದೂ ಕೊಟ್ಟೇನು, ಅಭ್ಯಾಸ' ಅಂದರು." ಲತೇಶರ ತೋಳು ಉದ್ದ. ಡೊಂಬಿವಲಿಯ ದರ್ಜಿ ಕೋಟಿನ ತೋಳನ್ನು ಎರಡು ಬೆರಳಿನಷ್ಟು ಒಳಗೆ ಮಡಿಚಿ ಹೊಲಿದುಕೊಟ್ಟ. ಸಮಾರಂಭಕ್ಕೆ ಇನ್ನೂ ಎರಡು ತಿಂಗಳಿತ್ತು.

ಸಿದ್ರಾಮ ಎದ್ದುನಿಂತ ಆ ಬೆಳಗಿನ ಮೀಟಿಂಗಿಗೆ ಬರೋಣ. ಅಂದು ಮುಖ್ಯವಾಗಿದ್ದದ್ದು ಗೋದಾಮಿನ ವಿಷಯ. ಕಂಪನಿ ಬಾಡಿಗೆಗೆ ಹಿಡಿಯಬೇಕೆಂದಿದ್ದ ಗೋದಾಮು ಎಂ.ಡಿ.ಯವರ ಮನೆಯವರದ್ದೇ. ಆದ್ದರಿಂದ ಅವರೂ, ನಿರ್ದೇಶಕರೇ ಆದ ಅವರ ತಮ್ಮನೂ ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು. ಐವರು ನಿರ್ದೇಶಕರಲ್ಲಿ ಇನ್ನೊಬ್ಬರು ರಜೆಯಲ್ಲಿದ್ದರು. ಉಳಿದವರು ಇಬ್ಬರು, ಕಾಯ್ದೆ ಕೇಳುವುದೂ ಕನಿಷ್ಠ ಇಬ್ಬರನ್ನು. ಒಬ್ಬರು ಎದುರಿಗೇ ಕೂತಿದ್ದ ಉಮಾವತಿ ಮೇಡಂ. ಇನ್ನೊಬ್ಬರು ಬದಲಾಪುರದಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿ ಸರ್ವೋತ್ತಮ. ಅವರು ಪರದೆಯ ಮೇಲೆ.

ರಮಿತಾ ಹಾಜರಿ ಕೂಗಿದರು. "ಸರ್ವೋತ್ತಮ," ಎಂದರು ಅವರು. "ಬದಲಾಪುರ ದಾಟಿ ಕರ್ಜತ್ ರಸ್ತೆ. ಕಾರು ಬದಿಗೆ ನಿಲ್ಲಿಸಿದ್ದೇನೆ. ಡ್ರೈವರನ್ನು ಚಾ ಕುಡಿಯಲು ಕಳಿಸಿದ್ದೇನೆ. ಜೊತೆಗೆ ಯಾರೂ ಇಲ್ಲ." ಅಣ್ಣತಮ್ಮ ಎದ್ದು ಹೊರಗೆ ಹೋದರು. ಗೋದಾಮಿನ ಅಳತೆ, ಬಾಡಿಗೆ, ಕರಾರು ಎಲ್ಲವನ್ನೂ ಹಣಕಾಸಿನ ಅಧಿಕಾರಿ ಓದಿದರು. ಒಪ್ಪಿಗೆಯೇ ಎಂದಾಗ ಉಮಾವತಿ ಹೂಂ ಎಂದರು. ಪರದೆಯ ಮೇಲೆ ಸರ್ವೋತ್ತಮರು ಸಣ್ಣಗೆ ನಗುತ್ತ ಕೂತಿದ್ದರು.

"ಸರಿ ಹಾಗಾದರೆ, ಮುಂದಿನದ್ದು," ಎಂದರು ಉಮಾವತಿ.

"ಮೇಡಂ, ಸರ್ ಇಲ್ಲ," ಎಂದರು ರಮಿತಾ.

"ಅಲ್ಲೇ ಇದ್ದಾರಲ್ಲಮ್ಮ. ನಗುತ್ತಾ ಇದ್ದಾರೆ."

"ಅದು ಚಿತ್ರ ಮೇಡಂ."

ಸಂಪರ್ಕ ಯಾವಾಗಲೋ ಕಡಿದಿತ್ತು, ಕೊನೆಯ ಚಿತ್ರ ಪರದೆಯ ಮೇಲೆ ನಿಂತುಬಿಟ್ಟಿತ್ತು. ಕೋಣೆಯಲ್ಲಿದ್ದ ಯಾರೂ ಗಮನಿಸದ್ದು ಇವರಿಗೆ ಹೇಗೆ ತಿಳಿಯಿತು? "ಬೊಜ್ಜ ಮುಗಿಯುವ ತನಕ ಮನೆಯಲ್ಲಿ ಫೋಟೋದ ಎದುರೇ ಕೂತಿದ್ದೆ," ಎನ್ನುತ್ತಾರೆ ರಮಿತಾ. "ಎಷ್ಟು ಹೊತ್ತು ನೋಡಿದರೂ ಮುಖ ನಿಮ್ಮನ್ನು ನೋಡುವುದಿಲ್ಲ. ಅದು ಗೊತ್ತಾಗಿಬಿಡುತ್ತದೆ."

ಎಷ್ಟು ಸಲ ಪ್ರಯತ್ನಿಸಿದರೂ ಸರ್ವೋತ್ತಮರು ಮತ್ತೆ ಸಿಗಲಿಲ್ಲ. ಸಂಜೆ ಎಂ.ಡಿ. ಇವರನ್ನು ಕರೆಸಿದರು. ಎಲ್ಲರೂ ಒಪ್ಪಿದ್ದಾರೆ, ಹಾಗೆಂದೇ ನಡಾವಳಿಯಲ್ಲಿ ಬರೆಯಿರಿ ಎಂದರು. ಆಗುವುದಿಲ್ಲ ಸರ್, ಆ ಹೊತ್ತಿಗೆ ಇದ್ದವರು ಒಬ್ಬರೇ, ಸಭೆಯನ್ನು ಇನ್ನೊಮ್ಮೆ ಕರೆಯಬೇಕು ಎಂದರು ರಮಿತಾ. ಎಂ.ಡಿ. ಸಿಟ್ಟಾಗಲಿಲ್ಲ. ನೀರಿನ ಲೋಟವನ್ನು ಇವರತ್ತ ಸರಿಸಿದರು. "ದೇಖೋ ಬೇಟಾ, ಇಷ್ಟು ದೊಡ್ಡ ಆಘಾತ ಆಗಿದೆ. ನಿಮ್ಮ ಮನಸ್ಸು ಸರಿ ಇಲ್ಲ. ಎರಡು ವಾರ ಮನೆಯಲ್ಲಿರಿ, ಇದನ್ನು ಬೇರೆ ಯಾರಾದರೂ ಬರೆಯುತ್ತಾರೆ. ನಿಮ್ಮ ಶಿಫಾರಸೂ ನನ್ನ ಮೇಜಿನ ಮೇಲೇ ಇದೆ, ನೆನಪಿದೆ."

ಅಷ್ಟರಲ್ಲಿ ಸ್ವತಃ ಸರ್ವೋತ್ತಮರ ಫೋನ್. "ನನ್ನದೇನೂ ತಕರಾರಿಲ್ಲ ಮಗಾ. ಇದ್ದಿದ್ದರೆ ಒಪ್ಪುತ್ತಿದ್ದೆ. ಇದ್ದೆ ಅಂತಲೇ ಬರೆದುಬಿಡು, ನಿನಗ್ಯಾಕೆ ತಾಪತ್ರಯ?"

"ಇದ್ದಿದ್ದರೆ ಅನ್ನುವುದು ಬೇರೆ, ಇದ್ದೆ ಅನ್ನುವುದು ಬೇರೆ ಸರ್," ಎಂದರು ಇವರು.

ಅಂದು ಮನೆಗೆ ಹೋಗುವಾಗ ಥಾಣೆಯ ಸೇತುವೆಯ ಮೇಲೆ ರಮಿತಾ ಸ್ವಲ್ಪ ಹೊತ್ತು ನಿಂತರಂತೆ. ಮನೀಶರ ಸಂಬಳ ನಿಂತಿದೆ, ಮನೆಯಲ್ಲಿ ಅತ್ತೆ, ಕೈಯಲ್ಲಿರುವುದು ಹಂಗಾಮಿ ಕೆಲಸ. "ಧೈರ್ಯ ಗೀರ್ಯ ಏನೂ ಇರಲಿಲ್ಲ. ಸುಸ್ತಾಗಿತ್ತು, ಅಷ್ಟೆ. ಇಲ್ಲದವರನ್ನು ಇದ್ದಾರೆ ಅಂತ ಹೇಳುವುದಕ್ಕೂ ತ್ರಾಣ ಬೇಕಲ್ಲ, ಅದು ಇರಲಿಲ್ಲ." ಮರುದಿನ ಕೆಲಸಕ್ಕೆ ಹೋದರು, ಇದ್ದದ್ದನ್ನು ಇದ್ದ ಹಾಗೆ ಬರೆದರು, ಹೊಸ ಸಭೆಗೆ ನೋಟಿಸು ಕಳಿಸಿದರು. ಕಾಯ್ದೆ ಇವರ ಬೆನ್ನಿಗಿದೆ ಎಂದು ವಕೀಲರು ಹೇಳಿದ ಮೇಲೆ ಎಂ.ಡಿ. ಅದನ್ನು ತಡೆಯಲಿಲ್ಲ. ಶಿಫಾರಸು ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಕಳಿಸುವ ಕೊನೆಯ ದಿನ ಬಂದು ಹೋಯಿತು.

ಎರಡನೆಯ ಸಭೆಗೆ ಸರ್ವೋತ್ತಮರು ಬದಲಾಪುರದಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ, ಬೆವರೊರೆಸಿಕೊಳ್ಳುತ್ತ ಬಂದರು. ಎದುರಿಗೆ ಕೂತವರಿಗೆ ಹಾಜರಿ ಕೂಗುವ ಅಗತ್ಯವಿಲ್ಲ. ಆದರೂ ಅವರೇ ಎದ್ದುನಿಂತು, "ಸರ್ವೋತ್ತಮ. ರಬಾಳೆ. ಜೊತೆಗೆ ಯಾರೂ ಇಲ್ಲ, ಮಂಡಿನೋವು ಬಿಟ್ಟರೆ," ಎಂದರು. ಗೋದಾಮಿನ ವಿಷಯ ಒಂದು ಲೋಟ ಚಾ ಮುಗಿಯುವಷ್ಟರಲ್ಲಿ ಪಾಸಾಯಿತು. ಅದೇ ಗೋದಾಮು, ಅದೇ ಬಾಡಿಗೆ, ಅದೇ ಇಬ್ಬರ ಒಪ್ಪಿಗೆ.

"ಮೊದಲು ನನಗೆ ಸಿಟ್ಟೇ ಬಂದಿತ್ತು," ಎನ್ನುತ್ತಾರೆ ಸರ್ವೋತ್ತಮ. "ನಾನೇ ಇದ್ದೆ ಅನ್ನುತ್ತಿದ್ದೇನೆ, ಈ ಹುಡುಗಿ ಇಲ್ಲ ಅನ್ನುತ್ತಾಳೆ! ಆಮೇಲೆ ಯೋಚಿಸಿದೆ. ನಾಳೆ ನಾನು ಬೇಡ ಅನ್ನಬೇಕಾದ ದಿನವೂ ಹೀಗೇ ನನ್ನ ಚಿತ್ರ ಇಟ್ಟುಕೊಂಡು ಹೂಂ ಅನಿಸಿಕೊಂಡರೆ?"

ರಮಿತಾ ಇಂದಿಗೂ ಹಂಗಾಮಿ. ಬದಲಾದದ್ದು ಒಂದೇ. ಈಗ ಯಾವ ಮೀಟಿಂಗಿನಲ್ಲೂ ಶುರು ಮಾಡುವ ಮೊದಲು ಎಂ.ಡಿ. ಇವರ ಕಡೆ ತಿರುಗಿ, "ಸಬ್ ಹೈ ನಾ, ಮೇಡಂ?" ಎಂದು, ಎಲ್ಲರೂ ಇದ್ದಾರಲ್ಲವೇ ಎಂದು ಕೇಳುತ್ತಾರೆ. ಬೇಟಾ ಎನ್ನುವುದನ್ನು ಬಿಟ್ಟಿದ್ದಾರೆ. ನಾಲ್ಕನೆಯ ಸೀಟೂ ವಾಪಸು ಸಿಕ್ಕಿದೆ. "ಅದೇ ಒಳ್ಳೆಯದು. ಕಿಟಕಿಯಲ್ಲಿ ಕೂತರೆ ಎಲ್ಲರೂ ನೋಡುತ್ತಾರೆ."

ಪುರಸ್ಕಾರದ ಸಮಾರಂಭ ಬೇಲಾಪುರದಲ್ಲಿ, ಒಂದು ಶನಿವಾರ ಮಧ್ಯಾಹ್ನ. ಆ ಮಧ್ಯಾಹ್ನ ರಮಿತಾ ಕೋಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪನ್ವೇಲ್ ಗಾಡಿಯಲ್ಲಿದ್ದಾರೆ. ರಬಾಳೆ ಬಂದು ಹೋಗುತ್ತದೆ. ಬೇಲಾಪುರವೂ ಬರುತ್ತದೆ, ಬಾಗಿಲಲ್ಲಿದ್ದವರು ಇಳಿಯುತ್ತಾರೆ, ಹೊಸಬರು ಹತ್ತುತ್ತಾರೆ. ಇವರು ಇಳಿಯುವುದು ಮುಂದಿನ ಮಾನಸರೋವರ ಸ್ಟೇಷನ್ನಿನಲ್ಲಿ. ಅಲ್ಲಿಂದ ರಿಕ್ಷಾದಲ್ಲಿ ಕಾಮೋಠೆ.

ಲತೇಶರ ಅಡುಗೆಮನೆಯಲ್ಲಿ ಯಾರದೋ ಮಗುವಿಗೆ ಹೆಸರಿಡುವ ಬಾರಸೆಗೆ ಒಗ್ಗರಣೆ ಬೀಳುತ್ತಿದೆ. ಅವರು ಕೈ ಒರೆಸಿಕೊಂಡು ಹೊರಗೆ ಬರುತ್ತಾರೆ. "ಅತ್ತಿಗೆ, ಇವತ್ತೇ ಅಲ್ಲವಾ ಫಂಕ್ಷನ್ನು?"

"ಹೌದು. ಈಗ ನಡೆಯುತ್ತಿರಬೇಕು."

"ಅಲ್ಲ ಮಾರಾಯ್ರೆ, ಕೊನೆಗೆ ಅದೇ ಗೋದಾಮನ್ನೇ ಪಾಸು ಮಾಡಿದರಂತಲ್ಲ. ಮತ್ತೆ ನೀವು ಅಷ್ಟು ಹಟ ಹಿಡಿದು ಸಿಕ್ಕಿದ್ದೇನು?"

"ಎರಡನೇ ಸಲ ಅವರು ಇದ್ದರು," ಎನ್ನುತ್ತಾರೆ ರಮಿತಾ.

ಕೋಟು ಬೇಡ, ಮನೀಶನದ್ದೇ ಅಂತ ಇಟ್ಟುಕೊಳ್ಳಿ ಎನ್ನುತ್ತಾರೆ ಲತೇಶ್. ಇವರು ಇಲ್ಲವೆಂದು ತಲೆಯಾಡಿಸಿ ಚೀಲ ಬಿಚ್ಚುತ್ತಾರೆ. ದರ್ಜಿಯ ಹತ್ತಿರ ಮತ್ತೆ ಹೋಗಿ ತೋಳಿನ ಹೊಲಿಗೆ ಬಿಡಿಸಿದ್ದಾಗಿದೆ, ಇಸ್ತ್ರಿಯೂ ಆಗಿದೆ. ಮಡಿಕೆಯ ಗೆರೆ ಮಾತ್ರ ಹೋಗಿಲ್ಲ. ಲತೇಶ್ ಒಂದು ಕೈ ತೂರಿಸಿ ನೋಡುತ್ತಾರೆ. ತೋಳು ಮಣಿಕಟ್ಟಿನ ತನಕ ಬರುತ್ತದೆ, ಮೊದಲಿನ ಹಾಗೆಯೇ.

"ಪಾಪ," ಎನ್ನುತ್ತಾರೆ ಲತೇಶ್, "ಎಷ್ಟು ಆಸೆಯಿಂದ ತಗೊಂಡು ಹೋದ. ಒಂದು ಸಲವೂ ಹಾಕಿಕೊಳ್ಳಲಿಲ್ಲ."

"ಹಾಕಿಕೊಂಡಿದ್ದರು," ಎನ್ನುತ್ತಾರೆ ರಮಿತಾ, ಖಾಲಿ ಚೀಲವನ್ನು ಮಡಿಚುತ್ತ. "ಮನೆಯಲ್ಲಿ, ಕನ್ನಡಿಯ ಎದುರು. ನಾನು ಹಾಜರಿದ್ದೆ."