ಗಂಗಕ್ಕ ದೃಷ್ಟಿ ತೆಗೆದ ಬೆಳಿಗ್ಗೆ

ಹಾವೇರಿ, ೧೯೪೯ ಫೆಬ್ರವರಿ ೬, ರವಿವಾರ. ಬೆಳಿಗ್ಗೆ ಎಂಟು ಗಂಟೆ.

ಪಕ್ಕದ ಮನೆಯಲ್ಲಿ ಒಲೆಗೆ ಮೆಣಸಿನಕಾಯಿ ಹಾಕಿದ್ದಾರೆ. ಗೋಡೆ ದಾಟಿ ಬಂದ ಘಾಟಿಗೆ ಎರಡು ಸಲ ಸೀನಿ, ಮೂರನೆಯದು ಬಾರದೆ ಬೇಸರಪಟ್ಟು, ಬರೆಯಲು ಕೂತಿದ್ದೇನೆ. ನಿನ್ನೆ ಸಂಜೆ ಅವರ ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ರಾತ್ರಿ ಅದು ಅತ್ತಿತಂತೆ. ಬೆಳಗಾಗುತ್ತಲೇ ಅದರ ಅಜ್ಜಿ ದೃಷ್ಟಿ ತೆಗೆದಳು. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನನಗೆ ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ಇಷ್ಟು ಹೇಳಿದರೆ ಸಾಕು.

ನಾನು ಹನ್ನೊಂದು ವರ್ಷದವಳಾಗಿದ್ದಾಗ ಬ್ಯಾಡಗಿಯಲ್ಲಿ ಇಂಥದೇ ಒಂದು ಬೆಳಿಗ್ಗೆ ಬಂದಿತ್ತು. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸುಗ್ಗಿಯಲ್ಲಿ ಅವರನ್ನು ಮನೆಯಲ್ಲಿ ಕಂಡವರಿಲ್ಲ. ರಾಣೆಬೆನ್ನೂರಿನಲ್ಲಿ ಅಜ್ಜಿಗೆ ಜ್ವರವೆಂದು ಅವ್ವ ಬೆಳಗಿನ ರೈಲಿಗೆ ಹೊರಟಳು.

“ಸಂಜೀಕ ಬಂದಬಿಡ್ತೇನಿ. ತಮ್ಮ, ತಂಗಿ ನಿನ್ನ ಕೈಯಾಗ ಅದಾರ. ನೀ ಇನ್ನ ಸಣ್ಣಾಕಿ ಅಲ್ಲ.”

ಮಲ್ಲೂಗೆ ಮೂರು ವರ್ಷ, ಶಾರಿಗೆ ಒಂದೂವರೆ. ಶಾರಿ ಹುಟ್ಟಿದ ಮೇಲೆ ಅವ್ವನ ಮಗ್ಗುಲಲ್ಲಿದ್ದ ನನ್ನ ಹಾಸಿಗೆ ಹೋಗಿತ್ತು. ಮಲ್ಲೂ ಹುಟ್ಟಿದಾಗಲೇ ಅರ್ಧ ಹೋಗಿತ್ತು. ಅವ್ವ ಬಾಗಿಲಿಗೆ ಬರುವಾಗ ಆ ಇಬ್ಬರೂ ನಾನುಟ್ಟ ಪರಕಾರದ ಅಂಚು ಹಿಡಿದು ನಿಂತಿರಬೇಕು, ಅದನ್ನು ಅವಳು ನೋಡಬೇಕು. ಅಂದು ನಾನು ಬಯಸಿದ್ದು ಇಷ್ಟೇ.

ಮಲ್ಲೂಗೆ ರೊಟ್ಟಿ ಮುರಿದು ಕೊಟ್ಟೆ. ಇಡಿಯದು ಬೇಕೆಂದ. ಇಡಿಯದು ಕೊಟ್ಟೆ. ಅದು ಬೇಡ, ಮುರಿದದ್ದನ್ನೇ ಕೂಡಿಸಿ ಕೊಡು ಎಂದು ನೆಲಕ್ಕೆ ಬಿದ್ದ. ಅಷ್ಟರಲ್ಲಿ ಶಾರಿ ಹಗ್ಗದ ಮೇಲಿನ ಅವ್ವನ ಸೀರೆ ಎಳೆದು ಅದರಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ತನಗೂ ಆ ಸೀರೆಯೇ ಬೇಕೆಂದು ಮಲ್ಲೂ ಅವಳನ್ನು ಕಚ್ಚಿದ. ಅವಳು ಅವನ ಜುಟ್ಟು ಹಿಡಿದಳು.

“ಗುಮ್ಮ ಬರ್ತಾನ ನೋಡು!” ಎಂದೆ.

“ಬರ್ಲಿ. ರೊಟ್ಟಿ ಮುರದಾಕಿ ಈಕೀನ ಅಂತ ಹೇಳ್ತೇನಿ.”

ನನಗೆ ಆಗಲೂ ಲೆಕ್ಕದ ಹುಚ್ಚು. ಅಳುವಾಗ ಇವರು ಯಾರನ್ನು ಕರೆಯುತ್ತಾರೆಂದು ಅಡಿಗೆಮನೆಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದೆ. ‘ಅವ್ವಾ’ ಎಂಬುದಕ್ಕೆ ಗೋಡೆ ಸಾಲಲಿಲ್ಲ. ಎದುರುಮನೆಯ ‘ಗಂಗಕ್ಕಾ’ ನಾಲ್ಕು. ‘ಅಕ್ಕಾ’ ಒಂದೂ ಇಲ್ಲ.

ಆ ಗಂಗಕ್ಕನೇ ಅಳು ಕೇಳಿ ಬಂದಳು. ಹಾಡಲಿಲ್ಲ, ಬೆಲ್ಲ ಕೊಡಲಿಲ್ಲ, ಸುಮ್ಮನೆ ಕೂತಳು. ಇಬ್ಬರೂ ಹೋಗಿ ಅವಳ ಮಡಿಲು ಸೇರಿ ಗಪ್ಪಾದರು. ಆ ಅಗಲ ಮಡಿಲನ್ನು ನೋಡಿ ನನ್ನ ಮೂಳೆ ಮೊಣಕಾಲುಗಳ ಮೇಲೆ ನನಗೇ ಸಿಟ್ಟು ಬಂತು. ಬೆಳಗಿನಿಂದ ಕಚ್ಚಿಸಿಕೊಂಡವಳು ನಾನು!

“ಯಾರದೋ ಕಣ್ಣು ಬಿದ್ದೈತಿ. ಒಂದೀಟು ಮೆಣಸಿನಕಾಯಿ, ಉಪ್ಪು ತಾರವಾ ಲಗೂನ,” ಎಂದಳು.

ನಿವಾಳಿಸಿ ಒಲೆಗೆ ಹಾಕಿದ ಕಾಯಿ ಘಾಟು ಹೊಡೆದರೆ ದೃಷ್ಟಿ ಆಗಿಲ್ಲ; ಘಾಟು ಬಾರದಿದ್ದರೆ ಆಗಿದೆ. ನಿವಾಳಿಸುವಾಗ ಒಬ್ಬೊಬ್ಬರ ಕಣ್ಣನ್ನೂ ಹೆಸರಿಸುತ್ತಾರೆ. ನಮ್ಮ ಅಜ್ಜಿ ಅದರಲ್ಲಿ ‘ಮನೀಮಂದಿ ಕಣ್ಣು’ ಎಂದೂ ಸೇರಿಸುತ್ತಿದ್ದಳು. ಮನೆಯ ಮಂದಿಯಲ್ಲಿ ಆ ಕಣ್ಣು ಯಾರದೆಂದು ನನಗೆ ಗೊತ್ತಿತ್ತು. ನಮ್ಮೂರ ಕಾಯಿಗೋ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ನಂಬಿ ಕೂರುವುದು ಹೇಗೆ? ಅಪ್ಪ ಪರವೂರಿನಿಂದ ತರಿಸಿ ಗಡಿಗೆಯಲ್ಲಿಟ್ಟಿದ್ದ ಸಣ್ಣ ಖಾರದ ಕಾಯಿಗಳನ್ನು ಹಿಡಿತುಂಬ ತಂದುಕೊಟ್ಟೆ.

ಗಂಗಕ್ಕ ಮಕ್ಕಳನ್ನು ಎದುರಿಗೆ ಕೂರಿಸಿ ನಿವಾಳಿಸತೊಡಗಿದಳು. “ನಾಯಿ ಕಣ್ಣು, ನರಿ ಕಣ್ಣು, ಹಾದ್ಯಾಗ ಹೋಗಾಕಿ ಕಣ್ಣು, ಹಾಲು ಕೊಡಾಕಿ ಕಣ್ಣು…” ನಾನು ಬಾಗಿಲ ಮರೆಗೆ ಸರಿದೆ. ಅವಳೊಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, “ಬಂಜಿ ಕಣ್ಣು, ಈ ಗಂಗೀ ಕಣ್ಣು,” ಎಂದು ಅಲ್ಲಿಗೇ ನಿಲ್ಲಿಸಿ ಒಲೆಗೆ ಹಾಕಿದಳು.

ಆಮೇಲಿನದನ್ನು ಏನು ಹೇಳಲಿ! ಮನೆಯಲ್ಲಿ ನಿಲ್ಲಲಾಗದೆ ನಾಲ್ವರೂ ಅಂಗಳಕ್ಕೆ ಓಡಿದೆವು. ಹೊಗೆಯಲ್ಲಿ ಕಣ್ಣು ಕಾಣದ ಮಕ್ಕಳು “ಅಕ್ಕಾ! ಅಕ್ಕಾ!” ಎಂದು ನನ್ನ ಪರಕಾರಕ್ಕೆ ಜೋತುಬಿದ್ದರು.

“ಎವ್ವಾ, ಕೊಂದೆಲ್ಲ! ಇದು ನಮ್ಮೂರ ಕಾಯಿ ಅಲ್ಲ ಬಿಡು!” ಗಂಗಕ್ಕ ಕೆಮ್ಮುತ್ತ, ಸೆರಗಿನಿಂದ ಕಣ್ಣೊರೆಸುತ್ತ ನಗತೊಡಗಿದಳು. “ನೋಡಿದ್ಯಾ ಎಂಥಾ ಘಾಟು! ಯಾರ ಕಣ್ಣೂ ಬಿದ್ದಿಲ್ಲ. ಗಂಗೀ ಕಣ್ಣೂ ಬಿದ್ದಿಲ್ಲವಾ, ಗಂಗೀ ಕಣ್ಣೂ ಬಿದ್ದಿಲ್ಲ!”

ಎರಡು ಸಲ ಯಾಕೆ ಹೇಳಿದಳೆಂದು ನಾನು ಕೇಳಲಿಲ್ಲ. ಹೊಗೆ ಕರಗಲಿ, ಗೋಡೆಗೆ ‘ಅಕ್ಕಾ’ ಗೆರೆ ಎಳೆಯಬೇಕೆಂಬ ಅವಸರ ನನಗೆ. ಸಂಜೆ ಅವ್ವ ಬಂದಾಗ ಇಬ್ಬರೂ ನನ್ನನ್ನು ದಾಟಿಕೊಂಡು ಅವಳತ್ತ ಓಡಿದರೆನ್ನಿ. ಬಾಗಿಲ ಬಳಿ ನಾನು, ಎದುರು ಕಟ್ಟೆಯ ಮೇಲೆ ಗಂಗಕ್ಕ, ಇಬ್ಬರೂ ಖಾಲಿ ಕೈಯಲ್ಲಿ ನಿಂತಿದ್ದೆವು.

ಗೋಡೆಯಾಚೆ ಕೂಸು ಈಗ ನಗುತ್ತಿದೆ. ಘಾಟೇನೋ ಚೆನ್ನಾಗಿಯೇ ಬಂತು. ಇನ್ನು ಅದನ್ನು ಎತ್ತಿಕೊಳ್ಳಲೇಬಾರದೆಂದು ಎಂಟು ಗಂಟೆಗೆ ಠರಾಯಿಸಿದ್ದೆ, ಸಂಜೆ ಎತ್ತಿಕೊಳ್ಳುತ್ತೇನೆ. ಹೋಗುವಾಗ ಆ ಅಜ್ಜಿಯ ಸೊಸೆಯ ಕೈಗೆ ಒಂದು ಹಿಡಿ ಖಾರದ ಕಾಯಿ ಕೊಡುತ್ತೇನೆ, ಮುಂದಿನ ಸಲಕ್ಕಿರಲಿ.

ಗಂಗಕ್ಕ ಈಗಿಲ್ಲ, ನಮ್ಮ ಅಜ್ಜಿಯೂ ಇಲ್ಲ. ಬ್ಯಾಡಗಿ ಸೀಮೆಯ ಹಿರಿಯರಲ್ಲಿ ದೃಷ್ಟಿ ತೆಗೆಯುವ ಆ ಮಾತುಗಳನ್ನು ಪೂರ್ತಿ ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಬಂಜೆಯ ಕಣ್ಣಿನ ನಂತರ ಮನೆಮಂದಿಯ ಕಣ್ಣು ಬರುತ್ತದೆಯೇ? ಬರುವುದಾದರೆ, ಗಂಗಕ್ಕ ಅಂದು ಅದನ್ನು ಬಿಟ್ಟದ್ದು ಮರೆತಲ್ಲ.