ಒಂದು ಲೀಟರ್ ಎಣ್ಣೆಯ ತೂಕ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಎದ್ದು ಹೋಗಿದ್ದೇನೆ. ಈಗ ಮುಂದೂಡುವ ವಯಸ್ಸು ಉಳಿದಿಲ್ಲ.

ನಿಂಬರ್ಗಾದ ನಮ್ಮ ಓಣಿಯಲ್ಲಿ ಕುಸುಬಿ ಎಣ್ಣೆ ತೆಗೆದು ಮಾರುತ್ತಿದ್ದ ಗಾಣದವ್ವನ ಕೈಗಳು ಮೊಳಕೈವರೆಗೂ ಮಿಂಚುತ್ತಿದ್ದವು. ಆ ಜಿಡ್ಡಿಗೆ ಅವಳ ಹಸಿರು ಬಳೆಗಳೂ ಸಪ್ಪಳ ಮಾಡುತ್ತಿರಲಿಲ್ಲ. ಹಿತ್ತಾಳೆಯ ಲೀಟರ್ ಮಾಪನ್ನು ಬಾಟಲಿಗೆ ಬಗ್ಗಿಸಿದರೆ ಕೊನೆಯ ಎಳೆ ಇಳಿಯುವವರೆಗೂ ಎತ್ತುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ, "ನಿಂದ್ರೋ ತಮ್ಮಾ, ನಿನ್ನ ಪಾಲು ಇನ್ನೂ ಒಳಗ ಕುಂತದ" ಅನ್ನುತ್ತಿದ್ದಳು.

ನಾನು ಮೆಟ್ರಿಕ್ ಪಾಸಾದವನು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ ಎಂಬ ಪಾಠ ಬಾಯಿಗಿತ್ತು. ಒಮ್ಮೆ ಕಿರಾಣಿ ಅಂಗಡಿಯಲ್ಲಿ ಅವಳ ಎಣ್ಣೆ ತೂಗಿಸಿದೆ. ಬಾಟಲಿಯ ಭಾರ ಕಳೆದರೆ ಕಿಲೋಗೆ ಎಂಬತ್ತು ಗ್ರಾಂ ಕಡಿಮೆ. ನೇರ ಗಾಣಕ್ಕೆ ಹೋಗಿ ಗಿರಾಕಿಗಳ ಮುಂದೆಯೇ ಕೇಳಿದೆ.

"ಮಂದಿ ಕಣ್ಣಾಗ ಮಣ್ಣು ಹಾಕ್ತಿ ಏನ್ಬೇ?"

"ಮಾಪು ತುಂಬಿ ಕೊಟ್ಟೀನಲ್ಲೋ ಯಪ್ಪಾ."

"ಲೀಟರ್ ಅಂದ್ರ ಕಿಲೋ. ನಾ ಸಾಲಿ ಕಲ್ತೀನಿ, ನೀ ಕಲ್ತಿಯೇನು?"

ಯಾರೋ ನಕ್ಕರು. ಅವಳು ಜಗಳಕ್ಕೆ ಬರಲಿಲ್ಲ. ಮಾಪನ್ನು ತಿರುಗಿಸಿ ನೋಡಿ, "ಹಂಗಾದ್ರ ಇದೇ ಸಣ್ಣದಿರಬೇಕು" ಎಂದಳು. ನನ್ನನ್ನು ನಂಬಿಬಿಟ್ಟಳು.

ಮರುವಾರವೇ ತಕ್ಕಡಿ ತಂದಳು. ಲೀಟರಿನ ರೇಟಿಗೇ ಪೂರಾ ಕಿಲೋ ತೂಗುವಷ್ಟು ಎಣ್ಣೆ ಸುರಿಯತೊಡಗಿದಳು. ಗಿರಾಕಿ ಹೆಚ್ಚಿದಷ್ಟೂ ಲುಕ್ಸಾನು. ಕೆಲವು ವರ್ಷಗಳಲ್ಲಿ ಗಾಣ ನಿಂತಿತು. ಅವಳು ಜೇವರ್ಗಿಯ ಮಗಳ ಮನೆ ಸೇರಿದಳು.

ಆಮೇಲೆ ನಾವೂ ಪ್ಯಾಕೆಟ್ ಎಣ್ಣೆಗೆ ಬಂದೆವು. ಒಂದು ದಿನ ಅದರ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು: ಒಂದು ಲೀಟರ್, ೯೧೦ ಗ್ರಾಂ. ನಂಬದೆ ಒಂದೇ ಬಾಟಲಿಗೆ ಮೊದಲು ನೀರು, ಆಮೇಲೆ ಎಣ್ಣೆ ತುಂಬಿ ತೂಗಿದೆ. ಅಷ್ಟೇ ಜಾಗ ಹಿಡಿದರೂ ಎಣ್ಣೆ ಹಗುರ. ಲೀಟರಿಗೆ ಕಿಲೋ ಎಂಬುದು ನೀರಿನ ಲೆಕ್ಕ, ಎಣ್ಣೆಯದಲ್ಲ. ಸಾರಿನ ಮೇಲೆ ಎಣ್ಣೆ ತೇಲುವುದನ್ನು ಹುಟ್ಟಿದಾಗಿನಿಂದ ನೋಡಿ ಉಂಡವನು ನಾನು.

ಹೇಳಿಬಿಡಬೇಕೆಂದೇ ಜೇವರ್ಗಿಗೆ ಹೋದೆ. ಹಾಸಿಗೆ ಹಿಡಿದಿದ್ದಳು. ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಒಣಗಿ ಒರಟಾಗಿತ್ತು.

"ಛಲೋ ಬಂದಿ ತಮ್ಮಾ. ಅವತ್ತು ನೀ ಹೇಳದಿದ್ರ ನಾ ಮಂದಿ ಪಾಲು ತಿಂದೇ ಸಾಯ್ತಿದ್ದೆ."

ಮಗಳು ಚಹಾ ತಂದಳು. ಕುಡಿದು ಎದ್ದು ಬಂದೆ.

ಆ ಚಳಿಗಾಲ ದಾಟಲಿಲ್ಲ ಅವಳು. ಮಣ್ಣಿಗೆ ಹೋಗಿದ್ದೆ. ಎಲ್ಲರಂತೆ ನಾನೂ ಹಿಡಿ ಮಣ್ಣು ಹಾಕಿದೆ.

ನಿನ್ನ ಮಾಪು ಸರಿಯಿತ್ತು, ಗಾಣದವ್ವಾ.