ಗೋಡೆ ಗಡಿಯಾರದ ಎಂಟೂ ಇಪ್ಪತ್ತು

ಅಥವಾ ಭಾವ ಆ ಗ್ರೀಕ್ ದ್ವೀಪಗಳ ನಕ್ಷೆಯನ್ನು ಮೊದಲು ತೋರಿಸಿದ್ದು ನನಗಲ್ಲ, ಅಕ್ಕನಿಗೇ ಇರಬಹುದು. ನಾನು ಸಿಡ್ನಿಯಲ್ಲಿದ್ದೆ, ಅವರು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ. ಆದರೂ ನನ್ನ ಮನಸ್ಸಿನಲ್ಲಿ ಅವರ ಊಟದ ಮೇಜಿದೆ, ಅದರ ಮೇಲೆ ಹರಡಿದ ಕಾಗದವಿದೆ, ಕಾಗದ ಸುರುಳಿಯಾಗದಂತೆ ಅಂಚಿಗಿಟ್ಟ ಉಪ್ಪಿನಕಾಯಿ ಬಾಟಲಿ ಇದೆ, ನೀಲಿಯ ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ದ್ವೀಪಗಳಿವೆ. ಇದನ್ನು ನಾನು ಕಂಡಿರಲು ಸಾಧ್ಯವಿಲ್ಲ. ವಿಡಿಯೋ ಕಾಲ್‌ನಲ್ಲಿ ಅಕ್ಕ ಭಾವ ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾರೆಂದರೆ ಇಬ್ಬರ ಹಣೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಉಪ್ಪಿನಕಾಯಿ ಬಾಟಲಿಯನ್ನು ಆಮೇಲೆ ನಾನೇ ತಂದಿಟ್ಟಿರಬೇಕು.

ಗಾಳಿಯ ಮಾತು ಮಾತ್ರ ನಾನು ಸೇರಿಸಿದ್ದಲ್ಲ. ಅದು ದೋಣಿಯವನ ಮೇಲ್‌ನಲ್ಲಿ ಇನ್ನೂ ಇದೆ.

ಜುಲೈ ತಿಂಗಳ ಶಾಲೆಯ ರಜೆಯಲ್ಲಿ ಭಾವನಿಗೆ ಅಥೆನ್ಸ್‌ನಲ್ಲಿ ಒಂದು ವಾರದ ಆಫೀಸ್ ಕೆಲಸವಿತ್ತು. ಅದಾದ ಮೇಲೆ ಅಕ್ಕ ಮತ್ತು ಮಗಳು ಅವನನ್ನು ಸೇರಿಕೊಂಡು ನಾಕ್ಸೋಸ್ ಎಂಬ ದ್ವೀಪದಲ್ಲಿ ಐದು ದಿನ ಇರುವುದು, ಅಲ್ಲಿಂದ ಒಂದು ದಿನ ದೋಣಿಯಲ್ಲಿ ದಕ್ಷಿಣದ ಮೂರು ಸಣ್ಣ ದ್ವೀಪಗಳಿಗೆ ಹೋಗಿ ಸಂಜೆ ಮರಳುವುದು ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಬುಕಿಂಗ್ ಎಂದರೆ ನಾನು. ಮ್ಯಾಕ್ವೆರಿ ಪಾರ್ಕ್‌ನ ಒಂದು ಔಷಧಿ ಕಂಪನಿಯಲ್ಲಿ ನನ್ನ ಕೆಲಸವೇ ಯೋಜನೆಗಳ ಪಟ್ಟಿ ಮಾಡುವುದು. ಯಾವ ಹೆಜ್ಜೆಯಲ್ಲಿ ಏನು ತಪ್ಪಬಹುದು ಎಂದು ಮೊದಲೇ ಬರೆದಿಡುವುದು. ಹಾಗಾಗಿ ಈ ದೋಣಿಗೂ ಒಂದು ಶೀಟ್ ಮಾಡಿದೆ. ಐವತ್ತು ಜನರ ದೊಡ್ಡ ದೋಣಿ, ಎಂಟು ಜನರ ಚಿಕ್ಕ ದೋಣಿ. ಎಲ್ಲೆಲ್ಲಿ ನಿಲ್ಲಿಸುತ್ತಾರೆ, ನೆರಳಿದೆಯೇ, ಲೈಫ್ ಜಾಕೆಟ್ ಮಕ್ಕಳ ಅಳತೆಯದಿದೆಯೇ, ಮಧ್ಯಾಹ್ನದ ಊಟದಲ್ಲಿ ಮೀನಿಲ್ಲದ್ದು ಏನಾದರೂ ಕೊಡುತ್ತಾರೆಯೇ. ಅಕ್ಕ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತೇನೆ ಅಂದಳು. ಆ ಸಾಲನ್ನು ಅಳಿಸಿದೆ.

ಚಿಕ್ಕ ದೋಣಿಯ ಮಾಲೀಕ ಚೊಕ್ಕವಾದ ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಿದ್ದ. ಜುಲೈನಲ್ಲಿ ಉತ್ತರದ ಗಾಳಿ ಏಳುತ್ತದೆ, ಯಾವ ದಿನ ಎಂದು ಹೇಳಲಾಗುವುದಿಲ್ಲ, ಆಕಾಶ ಶುಭ್ರವಾಗಿರುವಾಗಲೇ ಬರುತ್ತದೆ. ಗಾಳಿ ಜೋರಾದರೆ ಬಂದರಿನವರು ದೋಣಿ ಬಿಡಗೊಡುವುದಿಲ್ಲ. ಅಷ್ಟು ಜೋರಿಲ್ಲದಿದ್ದರೆ ಹೋಗುತ್ತೇವೆ, ಆದರೆ ದ್ವೀಪಗಳ ಕ್ರಮ ಬದಲಾಗುತ್ತದೆ, ಮತ್ತು, ಈ ವಾಕ್ಯವನ್ನು ಆಗ ಎರಡು ಸಲ ಓದಿದ್ದೆ, 'ಕೆಲವೊಮ್ಮೆ ಮೂರನೆಯ ದ್ವೀಪ ಇರುವುದಿಲ್ಲ.'

ಭಾವ ನಕ್ಕ. ಅವನಿಗೆ ಚಿಕ್ಕ ದೋಣಿಯೇ ಬೇಕಿತ್ತು. ದೊಡ್ಡದು ಸಣ್ಣ ಕೊಲ್ಲಿಗಳ ಒಳಗೆ ಹೋಗುವುದಿಲ್ಲ; ಚಿಕ್ಕದು ಹೋಗಿ ಲಂಗರು ಹಾಕುತ್ತದೆ, ಜನ ದೋಣಿಯಿಂದಲೇ ನೀರಿಗೆ ಜಿಗಿಯಬಹುದು. ಜಿಗಿಯುವುದು ಎಂಬ ಮಾತು ಬಂದ ಮೇಲೆ ಅಕ್ಕನ ಹಣೆ ಫೋನಿನಿಂದ ಸರಿದುಹೋಯಿತು. ಪಾತ್ರೆಗಳ ಸದ್ದು ಕೇಳಿಸಿತು.

ಅಕ್ಕನ ಮಗಳ ಜಾತಕದಲ್ಲಿ ಜಲಗಂಡವಿದೆ. ಹದಿನಾಲ್ಕು ತುಂಬುವವರೆಗೆ ನೀರಿನಿಂದ ಪ್ರಾಣಕ್ಕೆ ಅಪಾಯ. ಅವಳಿಗೆ ಹದಿನಾಲ್ಕು ತುಂಬುವುದು ನವೆಂಬರ್‌ನಲ್ಲಿ; ದೋಣಿ ಜುಲೈನಲ್ಲಿ.

ಅಕ್ಕ ದಡ್ಡಿಯಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಅವಳ ಕೈಕೆಳಗೆ ಇಪ್ಪತ್ತು ಜನರಿದ್ದಾರೆ. ಮಗುವಿಗೆ ಐದು ವರ್ಷವಾದಾಗಲೇ ಈಜು ಕಲಿಸಲು ಸೇರಿಸಿದಳು, ಜಾತಕಕ್ಕೆ ಉತ್ತರವೆಂಬಂತೆ. ಹುಡುಗಿ ಈಗ ಶಾಲೆಯ ಈಜು ತಂಡದಲ್ಲಿದ್ದಾಳೆ. ಆದರೆ ಎಲ್ಲ ಈಜೂ ಕೊಳದಲ್ಲಿ, ತಳದ ಕಪ್ಪು ಗೆರೆ ಕಾಣುವ ನೀರಿನಲ್ಲಿ. ಸಮುದ್ರಕ್ಕೆ ಇಳಿದಿಲ್ಲ. ಕರಾವಳಿಯಲ್ಲೇ ಊರೆಲ್ಲ ಬದುಕುವ ಈ ದೇಶದಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಬೀಚಿಗೆ ಹೋದಾಗಲೆಲ್ಲ ಒಣ ಮರಳಿನ ಮೇಲೆ ಕೂತು ಉಳಿದವರ ಚಪ್ಪಲಿ ಕಾಯ್ದಿದ್ದಾಳೆ. ಶಾಲೆಯ ಸರ್ಫ್ ಕ್ಯಾಂಪಿನ ವಾರ ಅವಳಿಗೆ ಪ್ರತಿ ವರ್ಷ ಜ್ವರ ಬರುತ್ತಿತ್ತು. ಜ್ವರದ ಚೀಟಿಯನ್ನು ಅಕ್ಕ ಬರೆದು ಕಳಿಸುತ್ತಿದ್ದಳು.

ಆ ಜಾತಕಕ್ಕೆ ಹುಟ್ಟಿದ ಸಮಯ ಕೊಟ್ಟವಳು ನಾನು.

ಇಲ್ಲಿಂದ ಮುಂದೆ ಬರೆಯುವುದರಲ್ಲಿ ಎಷ್ಟು ನಿಜ ಎಂದು ಹೇಳಲಾರೆ. ನಾನು ಈ ದೇಶಕ್ಕೆ ಬಂದು ಕೆಲವೇ ತಿಂಗಳಾಗಿತ್ತು, ವೆರಿಬೀಯಲ್ಲಿ ಅಕ್ಕ ಭಾವನ ಬಾಡಿಗೆ ಮನೆಯಲ್ಲಿದ್ದೆ. ಬೆಳಿಗ್ಗೆ ಅಕ್ಕನಿಗೆ ಹೆರಿಗೆಯ ಆಪರೇಷನ್. ಭಾವ ಒಳಗಿದ್ದ, ನಾನು ಹೊರಗೆ. ಗೋಡೆಯ ಮೇಲೆ ದುಂಡನೆಯ ಗಡಿಯಾರವಿತ್ತು. ಇತ್ತೇ? ಆಸ್ಪತ್ರೆಯೆಂದ ಮೇಲೆ ಇರಲೇಬೇಕು ಎಂದು ಇಟ್ಟುಕೊಂಡಿದ್ದೇನೆಯೇ? ಭಾವ ಹೊರಗೆ ಬಂದು ಹೆಣ್ಣು ಅಂದ, ಗಂಟೆ ಹೇಳಿದ. ಅಥವಾ ನಾನೇ ಗೋಡೆ ನೋಡಿದೆ. ಅಂಗೈಯಲ್ಲಿ ಪೆನ್ನಿನಿಂದ ಎಂಟೂ ಇಪ್ಪತ್ತು ಎಂದು ಬರೆದುಕೊಂಡೆ. ಅಂಗೈಯ ಅಂಕಿ ಖಂಡಿತ. ಕೈ ತೊಳೆಯದೆ ಇಡೀ ದಿನ ಓಡಾಡಿದ್ದು ನೆನಪಿದೆ.

ಮಧ್ಯಾಹ್ನ ನಂಜನಗೂಡಿನ ದೊಡ್ಡಪ್ಪನಿಗೆ ಫೋನ್ ಮಾಡಿದೆ. ನಮ್ಮ ಮನೆತನದ ಮಕ್ಕಳಿಗೆಲ್ಲ ಜಾತಕ ಬರೆದವರು ಅವರು. ಹೊರದೇಶದಲ್ಲಿ ಹುಟ್ಟಿದ ಕೆಲವು ಮಕ್ಕಳ ಜಾತಕ ಆಗಲೇ ಬರೆದಿದ್ದರಿಂದ ಅವರಿಗೆ ವಿಷಯ ಗೊತ್ತಿತ್ತು. ಕೇಳಿದರು: "ಈಗ ನಿಮ್ಮಲ್ಲಿ ಬೇಸಿಗೆ ಅಂತ ಗಡಿಯಾರ ಒಂದು ಗಂಟೆ ಮುಂದಿಟ್ಕೋತಾರಲ್ಲ ಮಗಳೆ, ಅದನ್ನ ಕಳೆದು ಹೇಳ್ತಿದ್ದೀಯೋ, ಹಾಗೇ ಹೇಳ್ತಿದ್ದೀಯೋ?"

ಅವರು ಕೇಳಿದ್ದು ನೆನಪಿದೆ. ನಾನು ಏನು ಹೇಳಿದೆ ಎಂಬುದು ನೆನಪಿಲ್ಲ.

ಅವರ ಪುಸ್ತಕದ ಪುಟದಲ್ಲಿ ಎಂಟೂ ಇಪ್ಪತ್ತು ಎಂದೇ ಇದೆ. ಅವರು ಏನೂ ಕಳೆಯಲಿಲ್ಲ. ಗಡಿಯಾರ ಒಂಬತ್ತೂ ಇಪ್ಪತ್ತು ತೋರಿಸಿ, ನಾನೇ ಒಂದು ಗಂಟೆ ಕಳೆದು ಅಂಗೈಯಲ್ಲಿ ಬರೆದುಕೊಂಡಿದ್ದರೆ ಜಾತಕ ಸರಿ, ಜಲಗಂಡವೂ ಸರಿ. ಗಡಿಯಾರವೇ ಎಂಟೂ ಇಪ್ಪತ್ತು ತೋರಿಸಿದ್ದರೆ ಯಾರೂ ಕಳೆದಿಲ್ಲ. ಮಗು ಹುಟ್ಟಿದ ನಿಜವಾದ ಹೊತ್ತು ಏಳೂ ಇಪ್ಪತ್ತು, ಲಗ್ನವೇ ಬೇರೆ. ಆ ಹೊತ್ತಿಗೆ ಬೇರೊಬ್ಬರಿಂದ ಬರೆಸಿದ ಜಾತಕದಲ್ಲಿ ನೀರಿನ ಸುದ್ದಿಯೇ ಇಲ್ಲ.

ಆ ಎರಡನೆಯ ಜಾತಕವನ್ನು ಬರೆಸಿದವನು ಭಾವ, ದೋಣಿಯ ಮಾತು ಶುರುವಾದ ಮೇಲೆ. ಅಲ್ಲಿಯವರೆಗೆ ಈ ಒಂದು ಗಂಟೆ ಯಾರಿಗೂ ಬೇಕಿರಲಿಲ್ಲ. ಆಮೇಲೆ ಪ್ರತಿ ಭಾನುವಾರದ ಕಾಲ್‌ನಲ್ಲಿ ಅದೇ ಮಾತು. ದೊಡ್ಡಪ್ಪ ತೀರಿಕೊಂಡು ಆರು ವರ್ಷ. ಭಾವನಿಗೆ ಆ ಬೆಳಿಗ್ಗೆ ತಲೆ ಸುತ್ತಿ ಕುರ್ಚಿ ಹಿಡಿದದ್ದು ಬಿಟ್ಟು ಬೇರೆ ನೆನಪಿಲ್ಲ. ಇಲ್ಲಿನ ಬರ್ತ್ ಸರ್ಟಿಫಿಕೇಟಿನಲ್ಲಿ ದಿನ ಮಾತ್ರ ಇದೆ. ಮಗುವಿನ ತೂಕ, ಲಸಿಕೆ, ಗಂಟೆ ಎಲ್ಲ ಬರೆದಿದ್ದ ಪುಸ್ತಕ ವೆರಿಬೀಯಿಂದ ಮನೆ ಬದಲಾಯಿಸುವಾಗ ಹೋಯಿತು. ನನ್ನ ಆಗಿನ ಫೋನ್, ಅದರ ಫೋಟೋಗಳು, ಯಾವಾಗಲೋ ಹೋದವು. ಉಳಿದದ್ದು ನಾನು.

"ನೀನು ಸರಿಯಾಗಿ ಯೋಚನೆ ಮಾಡಿ ಹೇಳೇ," ಅಂದಳು ಅಕ್ಕ. "ಅರ್ಜೆಂಟ್ ಇಲ್ಲ."

ಅರ್ಜೆಂಟ್ ಇತ್ತು. ದೋಣಿಯವನು ಒಂದು ದಿನ ಮಾತ್ರ ಸೀಟು ಹಿಡಿದಿಡುತ್ತೇನೆ ಎಂದು ಬರೆದಿದ್ದ. ಆಸ್ಪತ್ರೆಯ ಹಳೆಯ ದಾಖಲೆ ತರಿಸಬಹುದು ಎಂದು ಅಕ್ಕ ಫಾರ್ಮ್ ಡೌನ್‌ಲೋಡ್ ಮಾಡಿದ್ದಳು. ಉತ್ತರ ಬರಲು ವಾರಗಳು ಬೇಕು. ಪ್ರವಾಸವನ್ನು ನಾಲ್ಕು ತಿಂಗಳು ಮುಂದೆ ಹಾಕಿದ್ದರೆ ಇದು ಯಾವುದೂ ಬೇಕಾಗಿರಲಿಲ್ಲ ಎಂದು ಅವಳೇ ಹೇಳಿದಳು. ಟಿಕೆಟ್ ಆಗಿಹೋಗಿದೆ ಎಂದು ಭಾವ ಹೇಳಿದ. ಹಾಗಾದರೆ ನೀವಿಬ್ಬರೂ ಹೋಗಿ, ನಾನು ಮಗೂನ ಹೋಟೆಲಿನಲ್ಲಿ ಕೂರಿಸಿಕೊಂಡಿರುತ್ತೇನೆ ಎಂದು ಅಕ್ಕ. ನೀವಿಬ್ಬರೂ ಎಂದರೆ ಯಾರಿಬ್ಬರು ಎಂದು ಭಾವ ಕೇಳಿದ.

ಹುಡುಗಿ ನನಗೆ ಫೋನ್ ಮಾಡಿದ್ದು ಮಾರನೆಯ ದಿನ. ನಾನು ಆಫೀಸಿನಿಂದ ಮೆಟ್ರೋ ಸ್ಟೇಷನ್‌ಗೆ ನಡೆಯುತ್ತಿದ್ದೆ. ಅವಳು ಕನ್ನಡದಲ್ಲಿ ಶುರುಮಾಡಿದಳು. ಅದು ಎಂದೂ ಇಲ್ಲದ್ದು, ಅಷ್ಟಕ್ಕೇ ನನಗೆ ಭಯವಾಯಿತು.

"ಚಿಕ್ಕಿ, ಅಮ್ಮಂಗೆ ಹೇಳು ಪ್ಲೀಸ್. ನೀನು ಹೇಳಿದ್ರೆ ಕೇಳ್ತಾಳೆ."

ಏನು ಹೇಳಲಿ ಅಂದೆ.

"ಎನಿಥಿಂಗ್. ಐ ಜಸ್ಟ್ ವಾಂಟ್ ಟು ಗೆಟ್ ಇನ್. ಒಂದೇ ಸಲ."

ಆ ಸಂಜೆ ನಾನು ಅಕ್ಕನಿಗೆ ಹೇಳಿದೆ: ಗಡಿಯಾರ ಚೆನ್ನಾಗಿ ನೆನಪಾಯಿತು, ದುಂಡನೆಯದು, ಬಾಗಿಲ ಮೇಲೆ, ಎಂಟೂ ಇಪ್ಪತ್ತು ತೋರಿಸುತ್ತಿತ್ತು, ನಾನು ಹೊಸಬಳು, ಒಂದು ಗಂಟೆ ಕಳೆಯಬೇಕೆಂಬುದೇ ನನಗೆ ತಿಳಿದಿರಲಿಲ್ಲ, ಇದ್ದ ಹಾಗೇ ಹೇಳಿಬಿಟ್ಟೆ, ತಪ್ಪು ನನ್ನದು. ಒಂದು ಉಸಿರಿಗೆ ಹೇಳಿದೆ. ಹೇಳುವಾಗ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು ಕೂಡ ಕಂಡಿತು. ಈಗ ಆ ಕೆಂಪು ಮುಳ್ಳನ್ನು ತೆಗೆಯಲು ಆಗುತ್ತಿಲ್ಲ. ಮೊದಲಿಂದ ಇತ್ತೋ, ಆ ಸಂಜೆ ಬಂತೋ.

ಅಕ್ಕ ಅಂದಳು: "ಹದಿಮೂರು ವರ್ಷ ಮಗೂನ ಮರಳಲ್ಲಿ ಕೂರಿಸಿದ್ದೀನಿ ಕಣೇ. ನಿನ್ನಿಂದ."

ಹೌದು ಅಂದೆ. ಮಾಡಿದ್ದೇನೆಯೋ ಇಲ್ಲವೋ ಗೊತ್ತಿಲ್ಲದ ತಪ್ಪನ್ನು ಒಪ್ಪಿಕೊಳ್ಳುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕ ದೋಣಿಯಲ್ಲಿ ಮೂರು ಸೀಟು ಬುಕ್ ಮಾಡಿದೆ.

ಹೊರಡುವ ಮೊದಲಿನ ವಾರಗಳಲ್ಲಿ ನಾನು ಶೀಟನ್ನು ಮತ್ತೆ ಮತ್ತೆ ತೆರೆಯುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಲ್ಲಿನ ಗಾಳಿಯ ನಕ್ಷೆ ನೋಡುವುದು ಅಭ್ಯಾಸವಾಯಿತು. ಹಸಿರು ಬಾಣಗಳು, ಹಳದಿ ಬಾಣಗಳು, ಎಲ್ಲವೂ ಉತ್ತರದಿಂದ ದಕ್ಷಿಣಕ್ಕೆ ಬಾಚಿದ ಕೂದಲಿನ ಹಾಗೆ. ಎರಡನೆಯ ಮತ್ತು ಮೂರನೆಯ ದ್ವೀಪದ ನಡುವೆ ಏನೂ ಅಡ್ಡವಿಲ್ಲದ ಒಂದು ಜಾಗವಿತ್ತು, ಅಲ್ಲಿ ಬಾಣಗಳು ಜೋರು ಗಾಳಿಯ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದ್ದವು. ಅಲ್ಲಿ ಆಳ ಎಷ್ಟು ಎಂದು ಹುಡುಕಿ ನೋಡಿದೆ, ಶೀಟಿನಲ್ಲಿ ಬರೆಯಲಿಲ್ಲ. ಜಾತಕವನ್ನು ನಾನು ನಂಬುವುದಿಲ್ಲ. ನಂಬುವುದಿಲ್ಲ ಎಂದು ಆಗಲೂ ಹೇಳಿಕೊಳ್ಳುತ್ತಿದ್ದೆ, ದಿನಕ್ಕೆ ಹಲವು ಸಲ.

ಆ ದಿನ ದೋಣಿ ಹೊರಡುವುದು ಅಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ. ಅಲ್ಲಿಯೂ ಬೇಸಿಗೆಯಲ್ಲಿ ಗಡಿಯಾರ ಮುಂದಿಡುತ್ತಾರೆ, ನಮ್ಮಲ್ಲಿ ಆಗ ಚಳಿಗಾಲ. ಕೂಡಿಸಿ ಕಳೆದು, ಮತ್ತೊಮ್ಮೆ ಕೂಡಿಸಿ, ಸಿಡ್ನಿಯಲ್ಲಿ ಸಂಜೆ ನಾಲ್ಕೂವರೆ ಎಂದು ಕಾಗದದಲ್ಲಿ ಬರೆದುಕೊಂಡೆ. ಅಂಗೈಯಲ್ಲಿ ಬರೆಯಲಿಲ್ಲ. ನಾಲ್ಕೂವರೆಗೆ ಮೀಟಿಂಗಿನಲ್ಲಿದ್ದೆ. ಯಾರೋ ನನ್ನನ್ನು ಪ್ರಶ್ನೆ ಕೇಳಿದರು, ಮತ್ತೆ ಕೇಳಿದರು.

ಆರೂವರೆಗೆ ಮೊದಲ ದ್ವೀಪದ ಫೋಟೋಗಳು ಬಂದವು. ಬಿಳಿ ಗೋಡೆ, ನೀಲಿ ಬಾಗಿಲು, ಚಪಾತಿ ಡಬ್ಬಿ, ಕಣ್ಣು ಕಿರಿದು ಮಾಡಿದ ಭಾವ. ಹುಡುಗಿ ಹಳದಿ ಟೀ ಶರ್ಟಿನಲ್ಲಿ, ಕೂದಲೆಲ್ಲ ಮುಖದ ಮೇಲೆ ಹಾರಿ, ನಗುತ್ತಿದ್ದಳು. ಎಂಟು ಗಂಟೆ ದಾಟಿದ ಮೇಲೆ ಎರಡನೆಯ ದ್ವೀಪದ್ದು ಒಂದೇ ಫೋಟೋ: ಕೊಲ್ಲಿ, ಲಂಗರು ಹಾಕಿದ ದೋಣಿ, ದಡದಿಂದ ತೆಗೆದದ್ದು. ಗಾಳಿ ಹೇಗಿದೆ ಎಂದು ಕೇಳಿದೆ. ಆ ಪ್ರಶ್ನೆಯ ಪಕ್ಕ ಒಂದೇ ಟಿಕ್ ನಿಂತಿತು. ಮಲಗುವವರೆಗೂ ಒಂದೇ.

ಬೆಳಿಗ್ಗೆ ಏಳುವ ಹೊತ್ತಿಗೆ ಇನ್ನೆರಡು ಫೋಟೋ ಬಂದಿದ್ದವು. ಮೂರನೆಯ ದ್ವೀಪದ ಕಟ್ಟೆ. ಹುಡುಗಿ ಕಟ್ಟೆಯ ಮೇಲೆ ಕೂತಿದ್ದಾಳೆ. ಹಳದಿ ಟೀ ಶರ್ಟ್ ಇಲ್ಲ. ದೊಡ್ಡ ಗಂಡಸಿನ ಬೂದು ಸ್ವೆಟರ್, ತೋಳು ನಾಲ್ಕು ಸುತ್ತು ಮಡಚಿದೆ. ಅದು ಭಾವನದಲ್ಲ, ಭಾವನ ಬಟ್ಟೆಗಳನ್ನೆಲ್ಲ ನಾನು ಬಲ್ಲೆ. ಅವಳು ಕ್ಯಾಮೆರಾ ನೋಡುತ್ತಿಲ್ಲ. ಎರಡನೆಯದರಲ್ಲಿ ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಿದ್ದಾಳೆ. ಈ ಎರಡು ಫೋಟೋ ಅಕ್ಕ ಏಕೆ ಕಳಿಸಿದಳು ಎಂದು ಯೋಚಿಸಿದ್ದೇನೆ. ನನಗೆ ತೋರಿಸಲೆಂದೇ ಇರಬಹುದು.

ಫೋನ್ ಮಾಡಿದಾಗ ಅಕ್ಕ, "ಏನಿಲ್ಲ, ಗಾಳಿ ಇತ್ತು, ಬಟ್ಟೆ ಒದ್ದೆ ಆಯ್ತು," ಅಂದಳು. ಭಾವನನ್ನು ಕೇಳಿದೆ, ಅಕ್ಕನನ್ನೇ ಕೇಳು ಅಂದ. ಊಟದ ಮೇಜಿಗೆ ಯಾವ ವಿಷಯ ಬಂದರೂ ಬಿಡದೆ ಮಾತಾಡುವ ಮನುಷ್ಯ ಗ್ರೀಸ್‌ನ ಬಗ್ಗೆ ಈವರೆಗೆ ನನ್ನೊಡನೆ ಹತ್ತು ಮಾತಾಡಿಲ್ಲ. ಹುಡುಗಿಗೆ ಮೆಸೇಜ್ ಮಾಡಿದೆ: ನೀರಿಗೆ ಇಳಿದೆಯಾ? ಉತ್ತರವಾಗಿ ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅದನ್ನು ಹೇಗೆ ಬೇಕಾದರೂ ಓದಬಹುದು. ಶಾಲೆ ಶುರುವಾದ ಮೇಲೆ ಅವಳು ಈಜು ತಂಡ ಬಿಟ್ಟಳಂತೆ, ಕೊಳದ ವಾಸನೆ ಆಗುವುದಿಲ್ಲ ಎಂದು.

ನವೆಂಬರ್‌ನಲ್ಲಿ ಅವಳ ಹುಟ್ಟುಹಬ್ಬಕ್ಕೆ ಮೆಲ್ಬರ್ನ್‌ಗೆ ಹೋದೆ. ಬೆಳಿಗ್ಗೆ ಜಲಗಂಡ ಕಳೆದದ್ದಕ್ಕೆ ಪೂಜೆ ಇಟ್ಟುಕೊಂಡಿದ್ದರು, ನನಗೆ ಮೊದಲು ಹೇಳಿರಲಿಲ್ಲ. ಹದಿನಾಲ್ಕು ತುಂಬಿದ ಹುಡುಗಿ ಹೊಸ ಬಟ್ಟೆ ಹಾಕಿಕೊಂಡು ಬಂದು ನನ್ನ ಕಾಲು ಮುಟ್ಟಿದಳು, ಕೆನ್ನೆಗೆ ಕೆನ್ನೆ ಒತ್ತಿದಳು, ಏನೂ ಆಗದವಳ ಹಾಗೆ. ಪುರೋಹಿತರು ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕ ಪಾಯಸ ಬಡಿಸುತ್ತ, ನನ್ನ ಕಡೆ ನೋಡದೆ ಅಂದಳು: "ಆಸ್ಪತ್ರೆಯಿಂದ ಪೇಪರ್ ಬಂತು."

ಆ ಫಾರ್ಮನ್ನು ಅವಳು ಕಳಿಸಿದ್ದಳು ಎಂದು ನನಗೆ ತಿಳಿದಿರಲಿಲ್ಲ.

ಎಷ್ಟು ಗಂಟೆ ಅಂತಿದೆ ಎಂದು ಕೇಳಿದೆ.

"ನಿಂಗ್ಯಾಕೆ?" ಅಂದಳು. "ನಿಂಗೆ ನೆನಪಿದೆಯಲ್ಲ."

ಪಾಯಸದ ಬಟ್ಟಲು ನನ್ನ ಕೈಗಿಟ್ಟು ಹೊರಗೆ ಹೋದಳು. ಗ್ಲೆನ್ ವೇವರ್ಲಿಯ ಆ ಅಡುಗೆಮನೆಯ ಗೋಡೆಯಲ್ಲೂ ಒಂದು ಗಡಿಯಾರವಿದೆ. ಆಗ ಅದು ಎಷ್ಟು ತೋರಿಸುತ್ತಿತ್ತು ಎಂದು ನಾನು ನೋಡಲಿಲ್ಲ, ಅಥವಾ ನೋಡಿದ್ದೆ, ಮರೆತಿದ್ದೇನೆ.

ಹುಡುಗಿ ಹುಟ್ಟಿದ್ದು ಎಷ್ಟು ಗಂಟೆಗೆ ಎಂದು ನನಗೆ ಗೊತ್ತಿಲ್ಲ. ಎರಡನೆಯ ದ್ವೀಪ ಬಿಟ್ಟು ಮೂರನೆಯದು ಮುಟ್ಟುವ ನಡುವೆ ದೋಣಿಯಲ್ಲಿ, ಅಥವಾ ನೀರಿನಲ್ಲಿ, ಏನು ನಡೆಯಿತು ಎಂದು ಗೊತ್ತಿಲ್ಲ. ಆ ಬೂದು ಸ್ವೆಟರ್ ಯಾರದೆಂದೂ ಗೊತ್ತಿಲ್ಲ.